ವಾರದ ಏಳೂ ದಿನ ಭಾರ ಎತ್ತುತ್ತಿದ್ದೇನೆ. ಬಿಡುವು ಕೊಟ್ಟರೆ ಗಳಿಸಿದ್ದು ಹೋಗುತ್ತದೆಯೇ?

ಪ್ರಶ್ನೆ: ಹೂಟಗಳ್ಳಿಯವನು

ಎಲ್ಲರಿಗೂ ನಮಸ್ಕಾರ. ನನಗೆ 28 ವರ್ಷ, ತೂಕ 65 ಕಿಲೋ. ಮೈಸೂರಿನ ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ಮಧ್ಯಾಹ್ನದ್ದು, ಮತ್ತೊಂದು ವಾರ ರಾತ್ರಿಯದು. ಐದು ತಿಂಗಳ ಹಿಂದೆ ಮನೆಯ ಹತ್ತಿರದ ಜಿಮ್‌ಗೆ ಇಡೀ ವರ್ಷದ ಶುಲ್ಕವನ್ನು ಒಟ್ಟಿಗೇ ಕಟ್ಟಿ ಸೇರಿದೆ. ಕಟ್ಟಿದ ಹಣ ದಂಡವಾಗಬಾರದೆಂದು ಮೊದಲ ವಾರದಿಂದಲೂ ಏಳೂ ದಿನ ಹೋಗುತ್ತಿದ್ದೇನೆ. ಆಯುಧಪೂಜೆಯ ದಿನ ಡಂಬೆಲ್‌ಗಳಿಗೆ ಕುಂಕುಮ ಹಚ್ಚಿ ಬಾಗಿಲು ಮುಚ್ಚಿದ್ದರು, ಅದೊಂದು ದಿನ ಮಾತ್ರ ತಪ್ಪಿದೆ.

ನಾನು ಎತ್ತಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮೊದಲ ವಾರ ಬೆಂಚ್ ಪ್ರೆಸ್‌ನಲ್ಲಿ (ಬೆಂಚಿನ ಮೇಲೆ ಮಲಗಿ ಎದೆಯ ಮೇಲಿಂದ ಭಾರ ಎತ್ತುವುದು) 30 ಕಿಲೋ ಎತ್ತಿದ್ದವನು ಮೂರನೆಯ ತಿಂಗಳ ಕೊನೆಗೆ 55 ಕಿಲೋವನ್ನು ಎಂಟು ಬಾರಿ ಎತ್ತಿದೆ. ಅದಾದ ಮೇಲೆ ಅದೇ 55 ಆರು ಬಾರಿಗೆ ಇಳಿಯಿತು, ಆಮೇಲೆ ಐದಕ್ಕೆ ಇಳಿಯಿತು. ಈಗ 50 ಕಿಲೋವನ್ನು ಎಂಟು ಬಾರಿ ಎತ್ತುವುದೇ ಕಷ್ಟವಾಗಿದೆ. ಎದೆ ಮತ್ತು ತೋಳಿನ ವ್ಯಾಯಾಮವನ್ನು ಹೆಚ್ಚುಕಡಿಮೆ ದಿನವೂ ಮಾಡುತ್ತೇನೆ. ಕಾಲಿನದು, ನಿಜ ಹೇಳಬೇಕೆಂದರೆ, ನೆನಪಾದಾಗ ಮಾತ್ರ. ಒಂದು ತಿಂಗಳಿಂದ ಬಲ ಮೊಣಕೈನ ಒಳಬದಿಯಲ್ಲಿ ನೋವಿದೆ. ಜಿಮ್‌ನಲ್ಲಿ ಮೈ ಬಿಸಿಯಾದ ಮೇಲೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಬೆಳಿಗ್ಗೆ ಒದ್ದೆ ಬಟ್ಟೆ ಹಿಂಡುವಾಗ ಮಾತ್ರ ಜುಂ ಎನ್ನುತ್ತದೆ. ಮಲಗಿದರೂ ಸರಿಯಾಗಿ ನಿದ್ದೆ ಹತ್ತುವುದಿಲ್ಲ.

ನಮ್ಮ ಟ್ರೇನರ್ ಪ್ರಕಾರ ಒಂದು ದಿನ ತಪ್ಪಿಸಿದರೆ ಮೂರು ದಿನದ ಶ್ರಮ ನೀರಿನಲ್ಲಿ ಹೋಮ ಮಾಡಿದಂತೆ. ಗರಡಿ ಮನೆತನದ ಸಹೋದ್ಯೋಗಿಯೊಬ್ಬರು, ಪೈಲ್ವಾನರು ಯಾವತ್ತಾದರೂ ರಜೆ ಹಾಕಿದ್ದನ್ನು ಕಂಡಿದ್ದೀರಾ ಎಂದು ನಗುತ್ತಾರೆ. ಬಿಡುವು ಕೊಟ್ಟರೆ ಸ್ನಾಯು ಕರಗುತ್ತದೆಯೇ? ಕೊಡಲೇಬೇಕೆಂದಾದರೆ ವಾರಕ್ಕೆ ಎಷ್ಟು ದಿನ ಕೊಡಬೇಕು? ತಿಳಿದವರು ದಯವಿಟ್ಟು ಕಾರಣಸಹಿತ ತಿಳಿಸಿ.

ಉತ್ತರ 1: ಸರಸ್ವತಿಪುರಂ ಫಿಸಿಯೋ

ನಿಮ್ಮ ಆತಂಕಕ್ಕೆ ಮೊದಲು ಉತ್ತರ ಹೇಳುತ್ತೇನೆ. ಒಂದೆರಡು ದಿನ ಬಿಟ್ಟರೆ ಸ್ನಾಯು ಕರಗುವುದಿಲ್ಲ. ನಿಯಮಿತವಾಗಿ ಭಾರ ಎತ್ತುವವರು ಎರಡು ವಾರ ಪೂರ್ತಿ ನಿಲ್ಲಿಸಿದರೂ ಅವರ ಬಲ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ನಾಲ್ಕೈದು ದಿನ ಬಿಟ್ಟಾಗ ಕನ್ನಡಿಯಲ್ಲಿ ತೋಳು ಬಾಡಿದಂತೆ ಕಾಣುವುದುಂಟು, ಆದರೆ ಅದು ಸ್ನಾಯು ಹೋದದ್ದಲ್ಲ. ಸ್ನಾಯುವಿನೊಳಗೆ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ವ್ಯಾಯಾಮ ನಿಂತಾಗ ಆ ಸಂಗ್ರಹ ಸ್ವಲ್ಪ ತಗ್ಗುತ್ತದೆ, ಅದರೊಡನೆ ನೀರೂ ತಗ್ಗುತ್ತದೆ. ಮತ್ತೆ ಶುರು ಮಾಡಿದ ಕೆಲವೇ ದಿನಗಳಲ್ಲಿ ಅದು ತುಂಬಿಕೊಳ್ಳುತ್ತದೆ.

ಇನ್ನು ಬಿಡುವು ಏಕೆ ಬೇಕು ಎನ್ನುವುದು. ಭಾರ ಎತ್ತುವ ಹೊತ್ತಿನಲ್ಲಿ ಸ್ನಾಯು ಬೆಳೆಯುವುದಿಲ್ಲ. ಆಗ ಅದು ದಣಿಯುತ್ತದೆ, ಅಲ್ಲಲ್ಲಿ ಸೂಕ್ಷ್ಮವಾಗಿ ಜಖಂಗೊಳ್ಳುತ್ತದೆ. ಹೊಸ ಪ್ರೊಟೀನನ್ನು ಹೆಣೆದು ಸ್ನಾಯುವನ್ನು ಬಲಪಡಿಸುವ ಕೆಲಸ ವ್ಯಾಯಾಮದ ನಂತರ ಸುಮಾರು 24ರಿಂದ 48 ಗಂಟೆಗಳವರೆಗೆ ಮಾಮೂಲಿಗಿಂತ ಚುರುಕಾಗಿ ನಡೆಯುತ್ತದೆ. ಹೊಸಬರಲ್ಲಿ ಹೆಚ್ಚು ಹೊತ್ತು, ಪಳಗಿದವರಲ್ಲಿ ಕಡಿಮೆ ಹೊತ್ತು. ನೀವು ಇಪ್ಪತ್ತನಾಲ್ಕು ಗಂಟೆಗೊಮ್ಮೆ ಅದೇ ಎದೆಗೆ, ಅದೇ ತೋಳಿಗೆ ಪೂರ್ಣ ಭಾರ ಹೊರಿಸುತ್ತಿದ್ದೀರಿ. ಹಿಂದಿನ ದಣಿವು ತೀರುವ ಮೊದಲೇ ಹೊಸ ದಣಿವು ಅದರ ಮೇಲೆ ಕೂರುತ್ತಿದೆ. ಬಲ ಬಂದಿದ್ದರೂ ಅದು ದಣಿವಿನ ಅಡಿಯಲ್ಲಿ ಹೂತುಹೋಗಿರುವುದರಿಂದ ನಿಮ್ಮ ನೋಟ್‌ಬುಕ್ಕಿನಲ್ಲಿ ಅಂಕಿಗಳು ಇಳಿಯುತ್ತಿವೆ. ನನ್ನ ಬಳಿ ಬರುವವರಲ್ಲಿ ಹೀಗೆ ಬರೆದಿಡುವವರು ಅಪರೂಪ. ನೀವು ಬರೆದಿಟ್ಟಿದ್ದರಿಂದಲೇ ಕಾಯಿಲೆ ಎಲ್ಲಿದೆ ಎನ್ನುವುದು ಇಷ್ಟು ಸ್ಪಷ್ಟವಾಗಿ ಕಾಣುತ್ತಿದೆ.

ಮೈಕೈ ನೋವಿನ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ನೋವು ಇಲ್ಲದಿದ್ದರೆ ವ್ಯಾಯಾಮ ಸಾಲದು ಎಂದು ಬಹಳ ಜನ ನಂಬಿದ್ದಾರೆ. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಮೊದಲ ಸಲ ಹತ್ತಿ, ಅಷ್ಟೂ ಮೆಟ್ಟಿಲನ್ನು ಇಳಿದುಬಂದವರನ್ನು ಕೇಳಿ ನೋಡಿ. ಹತ್ತುವಾಗ ನಂದಿಯ ಹತ್ತಿರ ಕುಳಿತು ಏದುಸಿರು ಬಿಟ್ಟದ್ದು ಅವರಿಗೆ ನೆನಪಿರುತ್ತದೆ, ಆದರೆ ಮರುದಿನ ಮತ್ತು ಅದರ ಮಾರನೆಯ ದಿನ ಕಕ್ಕಸಿನಲ್ಲಿ ಕುಕ್ಕರುಗಾಲಿನಲ್ಲಿ ಕೂರಲಾಗದಂತೆ ತೊಡೆ ಹಿಡಿದುಕೊಳ್ಳುವುದು ಮುಖ್ಯವಾಗಿ ಇಳಿದದ್ದರಿಂದ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ದೇಹದ ಭಾರವನ್ನು ತಡೆಯುತ್ತಲೇ ಉದ್ದವಾಗಬೇಕಾಗುತ್ತದೆ. ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುವುದು ಇಂಥ ಕೆಲಸದಲ್ಲಿಯೇ. ಈ ನೋವು ಲ್ಯಾಕ್ಟಿಕ್ ಆಮ್ಲದಿಂದ ಬರುತ್ತದೆ ಎನ್ನುವ ಮಾತು ಸರಿಯಲ್ಲ, ಅದು ವ್ಯಾಯಾಮ ಮುಗಿದ ಒಂದೆರಡು ಗಂಟೆಯೊಳಗೇ ರಕ್ತದಿಂದ ಹೊರಟುಹೋಗಿರುತ್ತದೆ. ಅದೇ ಬೆಟ್ಟವನ್ನು ಪ್ರತಿ ವಾರ ಹತ್ತಿಳಿಯುವವರಿಗೆ ತೊಡೆ ನೋಯುವುದೇ ಇಲ್ಲ, ಹಾಗೆಂದು ಅವರ ಕಾಲು ದುರ್ಬಲವೆಂದು ಯಾರೂ ಹೇಳುವುದಿಲ್ಲ. ಆದ್ದರಿಂದ ನೋವನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ನನಗೆ ಹೆಚ್ಚು ಚಿಂತೆಯಾಗಿರುವುದು ನಿಮ್ಮ ಮೊಣಕೈ. ಮೊದಲ ಒಂದೆರಡು ತಿಂಗಳಲ್ಲಿ ಏರುವ ಬಲದ ಬಹುಪಾಲು ನರಮಂಡಲ ಕಲಿತ ಚಾಕಚಕ್ಯತೆ. ಸ್ನಾಯು ದಪ್ಪವಾಗುವುದು ಆಮೇಲೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಇವೆರಡಕ್ಕಿಂತಲೂ ನಿಧಾನ. ಅದಕ್ಕೆ ರಕ್ತದ ಹರಿವು ಕಡಿಮೆ, ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹೀಗಾಗಿ ಮೂರು ನಾಲ್ಕನೆಯ ತಿಂಗಳಿನಲ್ಲಿ ನಿಮ್ಮ ಸ್ನಾಯು ಎತ್ತಬಲ್ಲ ಭಾರವನ್ನು ರಜ್ಜು ದಿನವೂ ತಾಳಲಾರದ ಸ್ಥಿತಿ ಬರುತ್ತದೆ. ಮೈ ಬಿಸಿಯಾದಾಗ ಮರೆಯಾಗಿ, ಬೆಳಿಗ್ಗೆ ಬಟ್ಟೆ ಹಿಂಡುವಾಗ ತಿರುಗಿ ಬರುವ ನೋವು ರಜ್ಜುವಿನ ನೋವಿನ ಲಕ್ಷಣವನ್ನೇ ಹೋಲುತ್ತದೆ, ಆದರೂ ಕೈಯನ್ನು ಮುಟ್ಟಿ ನೋಡದೆ ಖಚಿತವಾಗಿ ಹೇಳುವುದು ಸರಿಯಲ್ಲ. ಕಿರುಬೆರಳು ಜೋಮು ಹಿಡಿಯುತ್ತಿದ್ದರೆ, ಅಥವಾ ಹಿಡಿತ ಸಡಿಲವಾಗುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ವಾರಕ್ಕೆ ಎಷ್ಟು ದಿನ ಎನ್ನುವುದಕ್ಕೆ ಹೇಳುವುದಾದರೆ, ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲಿ ಹೊಸಬರಿಗೆ 2ರಿಂದ 3 ದಿನ, ಸ್ವಲ್ಪ ಪಳಗಿದವರಿಗೆ 3ರಿಂದ 4 ದಿನ, ನುರಿತವರಿಗೆ 4ರಿಂದ 5 ದಿನ ಎಂದು ಸೂಚಿಸಿತ್ತು. ಐದು ತಿಂಗಳ ಅನುಭವವಿರುವ ನಿಮಗೆ ಮೂರು ದಿನ ಸಾಕು: ಒಂದು ದಿನ ಬಿಟ್ಟು ಒಂದು ದಿನ, ಪ್ರತಿ ಸಲವೂ ಕಾಲು, ಬೆನ್ನು, ಎದೆ ಮೂರನ್ನೂ ಮುಟ್ಟುವಂತೆ. ರಾತ್ರಿ ಪಾಳಿಯ ವಾರ ಎರಡೇ ದಿನ ಸಾಕು. ಪಾಳಿ ಬದಲಾಗುವಾಗ ನಿದ್ದೆ ಐದು ಗಂಟೆಗೆ ಇಳಿಯುವುದು ನನಗೆ ಗೊತ್ತಿರುವ ಸಂಗತಿ, ನಮ್ಮ ಮನೆಯವರೂ ಪಾಳಿಯ ಕೆಲಸದಲ್ಲಿಯೇ ಇದ್ದವರು. ಏಳೆಂಟು ಗಂಟೆ ನಿದ್ದೆ ಇಲ್ಲದ ದಿನಗಳನ್ನು ಅರ್ಧ ಬಿಡುವೆಂದೂ ಲೆಕ್ಕ ಹಾಕಬೇಡಿ.

ಉತ್ತರ 2: ಹಳೇ ಗರಡಿ

ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಅರ್ಧ ನಿಜವಿದೆ, ಉಳಿದರ್ಧವನ್ನು ಅವರು ಮರೆತಿದ್ದಾರೆ. ನಾನು ಹುಡುಗನಾಗಿದ್ದಾಗಿನಿಂದ ಹದಿನೆಂಟು ವರ್ಷ ಮೈಸೂರಿನ ಗರಡಿಯೊಂದರಲ್ಲಿ ಸಾಮು ಮಾಡಿದವನು. ನಸುಕಿನಲ್ಲಿ ಎದ್ದು, ಆಂಜನೇಯನಿಗೆ ಕೈಮುಗಿದು, ಕೆಮ್ಮಣ್ಣಿನ ಮಟ್ಟಿಗೆ ಇಳಿಯುವುದು ದಿನನಿತ್ಯದ ಪದ್ಧತಿಯಾಗಿತ್ತು ಎನ್ನುವುದು ನಿಜ. ಆದರೆ ಪ್ರತಿದಿನ ಮಟ್ಟಿಗೆ ಇಳಿಯುವುದು ಬೇರೆ, ಪ್ರತಿದಿನ ಜೀವ ಹೋಗುವಂತೆ ಎತ್ತುವುದು ಬೇರೆ.

ನಮ್ಮ ಉಸ್ತಾದರು ಹುಡುಗರ ಮುಖ ನೋಡಿಯೇ ಆ ದಿನದ ಲೆಕ್ಕ ಹೇಳುತ್ತಿದ್ದರು. ನಿನ್ನೆ ಜೋರಾಗಿ ಬಸ್ಕಿ ಹೊಡೆದವನಿಗೆ ಇವತ್ತು ಗುದ್ದಲಿ ಕೊಟ್ಟು ಮಟ್ಟಿಯ ಮಣ್ಣನ್ನು ಸಡಿಲಗೊಳಿಸಲು ಹೇಳುವರು, ಇಲ್ಲವೇ ಚಿಕ್ಕ ಹುಡುಗರಿಗೆ ಪಟ್ಟು ಹೇಳಿಕೊಡಲು ಕಳಿಸುವರು. ಕಲ್ಲುಗುಂಡು ಎತ್ತುವುದು ವಾರಕ್ಕೆ ಎರಡು ಸಲ ಮೀರುತ್ತಿರಲಿಲ್ಲ. ದಂಡ, ಬಸ್ಕಿಗಳಲ್ಲಿ ಎತ್ತಬೇಕಾದದ್ದು ನಮ್ಮ ಮೈಭಾರವನ್ನೇ ತಾನೇ. ಅದನ್ನು ಕಬ್ಬಿಣದ ಸರಳಿಗೆ ತಟ್ಟೆ ಮೇಲೆ ತಟ್ಟೆ ಏರಿಸುವ ಕೆಲಸಕ್ಕೆ ಹೋಲಿಸಲಾಗದು. ಸಾಮು ಮುಗಿದ ಮೇಲೆ ಎಣ್ಣೆ ನೀವಿಸಿಕೊಂಡು, ಹೊಟ್ಟೆ ತುಂಬ ಉಂಡು, ಮಧ್ಯಾಹ್ನ ಮಲಗುವ ಸೌಕರ್ಯವಿತ್ತು. ಪಾಳಿಯ ಬಸ್ಸು ಹಿಡಿಯುವ ಗಡಿಬಿಡಿ ಇರಲಿಲ್ಲ. ದಸರಾ ಕುಸ್ತಿಗೆ ಜೋಡಿ ಕಟ್ಟಿದ ಮೇಲಂತೂ ಕೊನೆಯ ಮೂರ್ನಾಲ್ಕು ದಿನ ಸಾಮು ತೀರಾ ಹಗುರ. ಬಲ ಮೈಯಲ್ಲಿ ಕೂರಬೇಕು ಎನ್ನುತ್ತಿದ್ದರು.

ಇದೇ ಊರಿನಲ್ಲಿ ಬೆಳೆದ ಅಷ್ಟಾಂಗ ಯೋಗದ ಪರಂಪರೆಯನ್ನೂ ನೋಡಿ. ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮ ಸಂಸ್ಥೆಯನ್ನು ಆರಂಭಿಸಿದವರು. ಅವರ ಪದ್ಧತಿಯಲ್ಲಿ ಅಭ್ಯಾಸ ವಾರಕ್ಕೆ ಆರು ದಿನ, ಶನಿವಾರ ಬಿಡುವು, ಹುಣ್ಣಿಮೆ ಅಮಾವಾಸ್ಯೆಗಳಂದೂ ಬಿಡುವು. ಅಷ್ಟು ಕಟ್ಟುನಿಟ್ಟಾದ ಪದ್ಧತಿಯಲ್ಲೂ ಬಿಡುವಿಗೆ ದಿನ ಗೊತ್ತುಮಾಡಿದ್ದಾರೆ ಎಂದ ಮೇಲೆ ನಿಮ್ಮ ಟ್ರೇನರಿನ ಮೂರು ದಿನದ ಲೆಕ್ಕ ಎಲ್ಲಿಂದ ಬಂತೋ ನಾನರಿಯೆ.

ಉತ್ತರ 3: ಮದ್ದೂರಿನ ಕಡೆಯವನು

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಸ್ವಲ್ಪ ತಕರಾರೂ ಇದೆ. ಮೂರೇ ದಿನ ಹೋಗಬೇಕೆಂಬುದನ್ನು ವೇದವಾಕ್ಯ ಮಾಡಿಕೊಳ್ಳುವುದು ಬೇಡ. ನಾನು ಏಳು ವರ್ಷಗಳಿಂದ ಮಂಡ್ಯದಲ್ಲಿ ವಾರಕ್ಕೆ ಆರು ದಿನ ಭಾರ ಎತ್ತುತ್ತಿದ್ದೇನೆ, ಕೀಲುಗಳೆಲ್ಲ ಚೆನ್ನಾಗಿಯೇ ಇವೆ. ಒಂದು ದಿನ ಎದೆ ಮತ್ತು ಭುಜ, ಮರುದಿನ ಬೆನ್ನು, ಅದರ ಮಾರನೆಯ ದಿನ ಕಾಲು, ಮತ್ತೆ ಅದೇ ಸುತ್ತು. ಹೀಗೆ ಹಂಚಿಕೊಂಡಾಗ ನಾನು ದಿನವೂ ಜಿಮ್‌ನಲ್ಲಿದ್ದರೂ ನನ್ನ ಎದೆಗೆ ಮುಂದಿನ ಸರದಿ ಬರುವಷ್ಟರಲ್ಲಿ 72 ಗಂಟೆ ಕಳೆದಿರುತ್ತದೆ. ವಾರದ ಒಟ್ಟು ಸೆಟ್‌ಗಳ (ನಡುವೆ ನಿಲ್ಲಿಸದೆ ಎತ್ತುವ ಒಂದೊಂದು ಸುತ್ತಿನ) ಸಂಖ್ಯೆ ಒಂದೇ ಆಗಿದ್ದರೆ, ಅದನ್ನು ಮೂರು ದಿನಕ್ಕೆ ಹಂಚಿದರೂ ಆರು ದಿನಕ್ಕೆ ಹಂಚಿದರೂ ಸ್ನಾಯುವಿನ ಬೆಳವಣಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ ಎಂಬುದನ್ನು ಈಚಿನ ಸಂಶೋಧನೆಗಳೂ ತೋರಿಸಿವೆ. ಪ್ರಶ್ನೆ ಕೇಳಿದವರು ಏಳು ದಿನ ಹೋದದ್ದು ತಪ್ಪಲ್ಲ, ಏಳು ದಿನವೂ ಅದೇ ಎದೆಯನ್ನು ಅದೇ ತೋಳನ್ನು ಹಿಂಡಿದ್ದು ತಪ್ಪು. ಹಾಗೆಂದು, ಆ ಮೊಣಕೈ ಇಟ್ಟುಕೊಂಡು ನನ್ನ ಪದ್ಧತಿಗೆ ಈಗಲೇ ಇಳಿಯುವುದೂ ಬೇಡ: ಎದೆಯ ದಿನವಿರಲಿ ಬೆನ್ನಿನ ದಿನವಿರಲಿ, ಸರಳನ್ನು ಹಿಡಿಯುವುದು ಅದೇ ಕೈ ತಾನೇ.

ಪ್ರತಿದಿನದ ಅಭ್ಯಾಸವನ್ನು ಸಮರ್ಥಿಸುವವರು ಬಲ್ಗೇರಿಯಾದ ಹೆಸರು ತೆಗೆಯುತ್ತಾರೆ. ಅಲ್ಲಿನ ವೇಟ್‌ಲಿಫ್ಟಿಂಗ್ ತರಬೇತುದಾರ ಇವಾನ್ ಅಬಾಜಿಯೇವ್ ತನ್ನ ಪಟುಗಳಿಂದ ದಿನಕ್ಕೆ ಹಲವು ಬಾರಿ, ಗರಿಷ್ಠಕ್ಕೆ ಹತ್ತಿರದ ಭಾರ ಎತ್ತಿಸುತ್ತಿದ್ದುದು ನಿಜ, ಅವರು ಪದಕ ಗೆದ್ದದ್ದೂ ನಿಜ. ಆದರೆ ಆ ಪಟುಗಳಿಗೆ ಬೇರೆ ಉದ್ಯೋಗವಿರಲಿಲ್ಲ, ಉಣ್ಣುವುದು ಮಲಗುವುದು ಎಲ್ಲವೂ ಸರ್ಕಾರದ ಖರ್ಚಿನಲ್ಲಿ. ಅವರು ಮಾಡುತ್ತಿದ್ದ ಸ್ನ್ಯಾಚ್ ಮತ್ತು ಕ್ಲೀನ್ ಆಂಡ್ ಜರ್ಕ್‌ನಲ್ಲಿ ಭಾರವನ್ನು ತಲೆಯ ಮೇಲಕ್ಕೆ ಎತ್ತಿದ ಬಳಿಕ ನೆಲಕ್ಕೆ ಬಿಟ್ಟುಬಿಡಬಹುದು. ಫಿಸಿಯೋ ಅವರು ಬೆಟ್ಟ ಇಳಿಯುವುದರ ಬಗ್ಗೆ ಹೇಳಿದರಲ್ಲ, ತಡೆಯುತ್ತ ಇಳಿಸುವ ಆ ಕೆಲಸ ಅದರಲ್ಲಿ ತೀರಾ ಕಡಿಮೆ. ಇನ್ನೊಂದು ಸಂಗತಿ, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಇಬ್ಬರು ಬಲ್ಗೇರಿಯನ್ನರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ಇಡೀ ತಂಡವೇ ಸ್ಪರ್ಧೆಯಿಂದ ಹಿಂದೆ ಸರಿಯಿತು. ಅಂಥವರ ದಿನಚರಿಯನ್ನು ಹೂಟಗಳ್ಳಿಯ ಪಾಳಿ ಕೆಲಸದವರು ಅನುಸರಿಸಲು ಹೊರಡುವುದು ಬೇಡ.

ನಮ್ಮ ಜಿಲ್ಲೆಯಲ್ಲಿ ಕೇಳಿಬರುವ ಇನ್ನೊಂದು ವಾದವೆಂದರೆ, ಕಬ್ಬು ಕಡಿಯುವ ಆಳುಗಳು ತಿಂಗಳುಗಟ್ಟಲೆ ದಿನವೂ ದುಡಿಯುತ್ತಾರೆ, ಅವರಿಗೆಲ್ಲಿಯ ಬಿಡುವು ಎನ್ನುವುದು. ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ. ಅವರು ಕಬ್ಬಿನ ಹೊರೆಯನ್ನು ತಮ್ಮ ಶಕ್ತಿ ಅರ್ಧದಷ್ಟು ಸಾಕಾಗುವಂತೆ ಕಟ್ಟಿಕೊಂಡು ಸಂಜೆಯವರೆಗೆ ಹೊರುತ್ತಾರೆ. ಎಂಟನೆಯ ಸಲಕ್ಕೆ ಕೈಸೋಲುವಂಥ ಹೊರೆಯನ್ನು ಯಾರೂ ಕಟ್ಟುವುದಿಲ್ಲ. ಅಷ್ಟಾದರೂ ಹಂಗಾಮಿನ ಕೊನೆಗೆ ಸೊಂಟ, ಭುಜ ಹಿಡಿದು ಕೂರುವವರು ಎಷ್ಟು ಜನವೆಂದು ಊರಿನವರಿಗೆಲ್ಲ ಗೊತ್ತು. ನಮ್ಮೂರಿನಲ್ಲಿ ಸೋಮವಾರ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ. ನನ್ನ ಬಿಡುವಿನ ದಿನವೂ ಸೋಮವಾರವೇ. ಎತ್ತಿಗೆ ಸಿಕ್ಕುವ ರಜೆ ಮಗನಿಗೂ ಸಿಕ್ಕಲಿ ಎಂದು ನಮ್ಮ ತಾಯಿ ತಮಾಷೆ ಮಾಡುತ್ತಾರೆ.

ಉತ್ತರ 4: ಕುಕ್ಕರಹಳ್ಳಿ ಕೆರೆ ಏರಿ

ನನಗೆ 56 ವರ್ಷ. ಹೆಂಡತಿಯ ಒತ್ತಾಯಕ್ಕೆ ಕಳೆದ ವರ್ಷ ಜಿಮ್ ಸೇರಿದೆ. ಮೂರು ದಿನದ ಮಾತು ನನ್ನ ವಯಸ್ಸಿಗೂ ಹೊಂದುತ್ತದೆಯೇ, ಮತ್ತು ಬಿಡುವಿನ ದಿನ ಕೆರೆಯ ಸುತ್ತ ನಡೆದರೆ ಅದು ಬಿಡುವಾಗಿ ಉಳಿಯುತ್ತದೆಯೇ?

ಉತ್ತರ 5: ಸರಸ್ವತಿಪುರಂ ಫಿಸಿಯೋ

ಖಂಡಿತ ಉಳಿಯುತ್ತದೆ. ಮಾತನಾಡುತ್ತ ನಡೆಯಬಲ್ಲ ವೇಗದಲ್ಲಿ ಕೆರೆ ಸುತ್ತಿದರೆ ರಕ್ತ ಸಂಚಾರ ಹೆಚ್ಚಿ ಮೈ ಬಿಗಿತ ಸಡಿಲಗೊಳ್ಳುತ್ತದೆ. ಬಿಡುವೆಂದರೆ ಸೋಫಾದ ಮೇಲೆ ಬಿದ್ದುಕೊಳ್ಳುವುದಲ್ಲ, ಆ ಭಾಗಕ್ಕೆ ಭಾರ ಹೊರಿಸದಿರುವುದು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆಲ್ಲ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಹೇಳಿದೆ, 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆಯನ್ನೂ ಹೇಳಿದೆ. ನಿಮಗೆ ಎರಡು ದಿನ ಭಾರ, ಉಳಿದ ದಿನ ನಡಿಗೆ ಒಳ್ಳೆಯ ಜೋಡಿ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ.

ಮದ್ದೂರಿನ ಕಡೆಯವರ ತಕರಾರನ್ನು ಒಪ್ಪುತ್ತೇನೆ. ಆದರೆ ಏಳು ವರ್ಷದ ಅಭ್ಯಾಸವಿರುವವರಿಗೆ ಎಲ್ಲಿ ನಿಲ್ಲಿಸಬೇಕೆಂದು ಮೈಯೇ ಹೇಳುತ್ತದೆ, ಐದು ತಿಂಗಳಿನವರಿಗೆ ಅದು ಇನ್ನೂ ಕೇಳಿಸುವುದಿಲ್ಲ. ಒಂದು ಎಚ್ಚರಿಕೆಯನ್ನು ಮೊದಲೇ ಬರೆಯಬೇಕಿತ್ತು. ಬಹಳ ದಿನ ಬಿಟ್ಟು ಒಮ್ಮೆಗೇ ಅತಿಯಾಗಿ ಎತ್ತಿದ ಮೇಲೆ ಮೂತ್ರ ಕಡುಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಸ್ನಾಯು ಊದಿಕೊಂಡು ಸಹಿಸಲಾಗದಷ್ಟು ನೋಯುತ್ತಿದ್ದರೆ ಅದನ್ನು ಮೈಕೈ ನೋವೆಂದು ಮನೆಯಲ್ಲಿ ಕೂರಬಾರದು. ಒಡೆದ ಸ್ನಾಯುವಿನ ಅಂಶಗಳು ಮೂತ್ರಪಿಂಡವನ್ನು ಕೆಡಿಸಬಲ್ಲವು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮರುಬರಹ: ಹೂಟಗಳ್ಳಿಯವನು

ಎಲ್ಲರಿಗೂ ವಂದನೆಗಳು. ಉತ್ತರಗಳನ್ನು ಓದಿ ಐದು ವಾರಗಳಾದವು, ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯವೆಂದು ಬರೆಯುತ್ತಿದ್ದೇನೆ. ಮೊದಲ ವಾರ ಪೂರ್ತಿ ಜಿಮ್‌ಗೆ ಹೋಗಲಿಲ್ಲ. ಮೂರನೆಯ ದಿನ ಸಂಜೆ ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ ಹೋಗಿ ಹಿಂತಿರುಗಿದೆ; ಅಷ್ಟು ಚಡಪಡಿಕೆ. ಎರಡನೆಯ ವಾರದಿಂದ ಒಂದು ದಿನ ಬಿಟ್ಟು ಒಂದು ದಿನ ಹೋಗುತ್ತಿದ್ದೇನೆ, ಬೆಂಚ್ ಪ್ರೆಸ್ ಅನ್ನು 40 ಕಿಲೋದಿಂದ ಮತ್ತೆ ಆರಂಭಿಸಿದೆ. ಕಳೆದ ಗುರುವಾರ 55 ಕಿಲೋವನ್ನು ಒಂಬತ್ತು ಬಾರಿ ಎತ್ತಿದೆ. ಮೂರನೆಯ ತಿಂಗಳಿನಲ್ಲಿ ಎಂಟರಲ್ಲೇ ನಿಂತಿದ್ದದ್ದು ಅದು. ಟ್ರೇನರ್ ಅದನ್ನು ನೋಡಿದರು, ಏನೂ ಹೇಳಲಿಲ್ಲ.

ಒಂದು ಸಣ್ಣ ತೊಡಕಿದೆ. ನಮ್ಮ ಮನೆಯಲ್ಲಿ ಸೋಮವಾರ, ಶನಿವಾರ ಮೊಟ್ಟೆ ಮಾಂಸ ಮಾಡುವುದಿಲ್ಲ, ನನ್ನ ಬಿಡುವೂ ಬಹುಪಾಲು ಆ ದಿನಗಳಂದೇ ಬರುತ್ತದೆ. ಭಾರ ಎತ್ತದ ದಿನ ಪ್ರೊಟೀನ್ ಕಡಿಮೆಯಾದರೆ ತೊಂದರೆ ಇಲ್ಲವೇ? ಬಟ್ಟೆ ಹಿಂಡುವಾಗಿನ ನೋವು ಮುಕ್ಕಾಲು ಪಾಲು ಹೋಗಿದೆ, ಪುಲ್‌ಅಪ್ ಮಾಡಿದರೆ ಮಾತ್ರ ಮರುದಿನ ಸ್ವಲ್ಪ ಕಾಣಿಸಿಕೊಳ್ಳುತ್ತದೆ.

ಉತ್ತರ 6: ಸರಸ್ವತಿಪುರಂ ಫಿಸಿಯೋ

ಬಹಳ ಸಂತೋಷ. ಬಿಡುವಿನ ದಿನ ಊಟ ಕಡಿಮೆ ಮಾಡಬೇಡಿ, ಸ್ನಾಯು ಕಟ್ಟುವ ಕೆಲಸ ನಡೆಯುತ್ತಿರುವುದು ಆ ದಿನವೇ. ಸಾಮಾನ್ಯ ಜನರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೊಟೀನ್ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಭಾರ ಎತ್ತುವವರಿಗೆ ಸುಮಾರು 1.6 ಗ್ರಾಂವರೆಗೆ ಉಪಯೋಗವಿದೆ. ಅಂದರೆ ನಿಮಗೆ ಹೆಚ್ಚೆಂದರೆ ನೂರು ಗ್ರಾಮಿನ ಆಸುಪಾಸು. ನೂರು ಗ್ರಾಂ ಹುರಳಿಕಾಳಿನಲ್ಲಿ ಸುಮಾರು 22 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16 ಗ್ರಾಂ ಸಿಗುತ್ತದೆ. ಮುದ್ದೆಯ ಜೊತೆ ಹುರಳಿಕಾಳಿನ ಸಾರಿನಲ್ಲಿ ಕಾಳನ್ನೇ ಹೆಚ್ಚಾಗಿ ಬಡಿಸಿಕೊಳ್ಳಿ, ರಸ ಬಸಿದುಕೊಂಡು ಕಾಳನ್ನು ಬಿಡಬೇಡಿ. ಮೊಸರು, ಕಡಲೆಕಾಯಿ ಇದ್ದೇ ಇವೆ.

ಪುಲ್‌ಅಪ್ ಅನ್ನು ಇನ್ನು ಆರು ವಾರ ಬಿಟ್ಟುಬಿಡಿ. ಅದರ ಬದಲು ಹಗುರವಾದ ಡಂಬೆಲ್ ಹಿಡಿದು, ಮುಂಗೈಯನ್ನು ಮೇಜಿನ ಅಂಚಿನಲ್ಲಿಟ್ಟು, ಮಣಿಕಟ್ಟನ್ನು ನಿಧಾನವಾಗಿ ನಾಲ್ಕು ಎಣಿಸುತ್ತ ಇಳಿಸುವ ವ್ಯಾಯಾಮವನ್ನು ಒಂದು ದಿನ ಬಿಟ್ಟು ಒಂದು ದಿನ ಮಾಡಿ. ಮಾಡುವಾಗ ಸ್ವಲ್ಪ ನೋವಾದರೆ ಚಿಂತೆಯಿಲ್ಲ, ಮರುದಿನ ಬೆಳಿಗ್ಗೆ ಅದು ಹೆಚ್ಚಾಗಿದ್ದರೆ ಡಂಬೆಲ್‌ನ ಭಾರ ಇಳಿಸಿ. ಮುಂದಿನ ವಾರ ನಿಮಗೆ ಯಾವ ಪಾಳಿ?

ಮರುಬರಹ: ಹೂಟಗಳ್ಳಿಯವನು

ರಾತ್ರಿ ಪಾಳಿ, ಮೇಡಂ. ಮಂಗಳವಾರ ಮತ್ತು ಶುಕ್ರವಾರ ಮಾತ್ರ ಹೋಗುತ್ತೇನೆ.